ವ್ಯಸನ ಅಂದ್ರೆ ಚಟಾನಾ, ದುಃಖಾನಾ? ಒಂದೇ ಪದಕ್ಕೆ ಎರಡು ಅರ್ಥ ಹೆಂಗ್ ಬಂತು?

ಹಳೇಕಾಗದ

ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ, ಇಲ್ಲಿ ಪದಗಳ ಬಗ್ಗೆ ಆಸಕ್ತಿ ಇರೋರು ಜಾಸ್ತಿ ಇದೀರ ಅಂತ ಕೇಳ್ತಾ ಇದೀನಿ.

ನಮ್ಮನೇಲಿ ತಾತನ ಕಾಲದ ಕಾಗದಗಳು ಒಂದು ಟ್ರಂಕ್ ತುಂಬ ಇವೆ, ಪೋಸ್ಟ್ ಕಾರ್ಡು, ಇನ್‌ಲ್ಯಾಂಡ್ ಲೆಟರು ಎಲ್ಲ. ಅವುಗಳನ್ನ ಸ್ಕ್ಯಾನ್ ಮಾಡಿ ಇಡೋಣ ಅಂತ ಓದ್ತಾ ಹೋದ್ರೆ ಸಾವಿನ ಸುದ್ದಿ ಇರೋ ಕಾಗದಗಳಲ್ಲೆಲ್ಲ ಒಂದೇ ಮಾತು, "ವಿಷಯ ತಿಳಿದು ಬಹಳ ವ್ಯಸನವಾಯಿತು", "ತಾವು ವ್ಯಸನಪಡಬಾರದು, ಎಲ್ಲಾ ಭಗವಂತನ ಇಚ್ಛೆ" ಅಂತ. ಇನ್ನೊಂದು ಕಡೆ ನಾವು ದಿನಾ ನೋಡೋ ಬೋರ್ಡುಗಳಲ್ಲಿ ಮದ್ಯವ್ಯಸನ, ವ್ಯಸನಮುಕ್ತ ಕೇಂದ್ರ, ಪೇಪರಲ್ಲಿ ಮೊಬೈಲ್ ವ್ಯಸನ, ಗೇಮಿಂಗ್ ವ್ಯಸನ. ನನ್ನ ಮಗಳು ಆ ಕಾಗದ ಓದಿ "ಮುತ್ತಜ್ಜಂಗೆ ಏನ್ ಅಭ್ಯಾಸ ಇತ್ತಪ್ಪ?" ಅಂತ ಕೇಳಿದ್ಲು, ಅವಳಿಗೆ ಆ ಪದಕ್ಕೆ ದುಃಖ ಅನ್ನೋ ಅರ್ಥ ಇದೆ ಅಂತಾನೇ ಗೊತ್ತಿಲ್ಲ.

ಇದ್ರಲ್ಲಿ ಮೊದಲು ಬಂದಿದ್ದು ಯಾವ ಅರ್ಥ? ದುಃಖ ಅನ್ನೋ ಅರ್ಥ ನಮ್ಮೋರು ಸುಮ್ನೆ ರೂಢಿ ಮಾಡ್ಕೊಂಡಿದ್ದಾ ಅಥವಾ ಸಂಸ್ಕೃತದಲ್ಲೇ ಇದ್ಯಾ? ಜೊತೆಗೆ ಚಟ, ತೆವಲು, ಗೀಳು, ಶೋಕಿ ಇವೆಲ್ಲ ವ್ಯಸನಕ್ಕೆ ಸಮಾನ ಪದಗಳಾ ಅಥವಾ ಬೇರೆ ಬೇರೆನಾ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಬೈಟೂ_ಕಾಫಿ

ನಾನು ಕೇಳಿರೋ ಪ್ರಕಾರ ವಿ + ಅಶನ. ಅಶನ ಅಂದ್ರೆ ಊಟ ಅಲ್ವಾ, ಉಪವಾಸದ ದಿನ ನಿರಶನ ಅಂತೀವಲ್ಲ. ಹಾಗೆ ವಿಪರೀತ ಅಶನ, ಮಿತಿ ಮೀರಿ ತಿನ್ನೋದು ಕುಡಿಯೋದು, ಅದೇ ವ್ಯಸನ ಆಯ್ತು. ಕುಡಿದು ತಿಂದು ಮನೆ ಹಾಳಾದ್ಮೇಲೆ ಬರೋದು ದುಃಖಾನೇ ಆದ್ರಿಂದ ಅದಕ್ಕೂ ಅದೇ ಹೆಸರು. ಅತಿಯಾದ್ರೆ ಅಮೃತಾನೂ ವಿಷ ಅಂತ ದೊಡ್ಡೋರು ಹೇಳಿದ್ದು ಇದಕ್ಕೇ.

ಧಾತುಪಾಠ

ಬೈಟೂ ಅವ್ರೆ, ಅಶನದಲ್ಲಿರೋದು ಶ, ವ್ಯಸನದಲ್ಲಿರೋದು ಸ. ಎರಡೂ ಬೇರೆ ಬೇರೆ ಧಾತು (ಪದ ಹುಟ್ಟೋ ಮೂಲ ಕ್ರಿಯಾಪದ), ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ. ದುಃಖ ಅನ್ನೋದು ಚಟದ ಫಲ ಅಂತ ಹೇಳೋದು ಕೇಳೋಕೆ ಸರಿ ಅನ್ಸುತ್ತೆ, ಆದ್ರೆ ಪದದ ಚರಿತ್ರೆ ಆ ದಾರೀಲಿ ಹೋಗಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಬರೀತೀನಿ, ಯಾಕಂದ್ರೆ ನಂಗೆ ತುಂಬ ಇಷ್ಟವಾದ ಪದ ಇದು.

ಇದು ವಿ + ಅಸನ. ಅಸ್ ಅಂದ್ರೆ ಎಸೆಯೋದು (ಇರು ಅನ್ನೋ ಅರ್ಥದ ಅಸ್ ಧಾತು ಬೇರೆ, ಅಸ್ತಿ ನಾಸ್ತಿ ಬರೋದು ಅದ್ರಿಂದ). ಎಸೆಯೋ ಆಯುಧ ಅಸ್ತ್ರ ಆಗಿದ್ದು ಈ ಧಾತುವಿನಿಂದಾನೇ. ವಿ ಸೇರಿದ್ರೆ ಬೇರೆ ಬೇರೆ ದಿಕ್ಕಿಗೆ ಎಸೆಯೋದು, ಚೆಲ್ಲಾಪಿಲ್ಲಿ ಮಾಡೋದು. ನಾವು ದಿನಾ ಹೇಳೋ ಅಸ್ತವ್ಯಸ್ತದಲ್ಲಿರೋ ವ್ಯಸ್ತ ಇದೇ. ವೇದಗಳನ್ನ ವಿಂಗಡಿಸಿ ಬೇರೆ ಬೇರೆ ಇಟ್ಟೋರು ವ್ಯಾಸರು, ಅದೂ ಇದೇ. ಇನ್ನೂ ಮಜಾ ಏನಂದ್ರೆ ಒಂದು ವಸ್ತುವಿನ ಕಡೆಗೆ ಮತ್ತೆ ಮತ್ತೆ ಮನಸ್ಸನ್ನ ಎಸೀತಾ ಇದ್ರೆ ಅದು ಅಭ್ಯಾಸ, ಎಲ್ಲಾನೂ ಪೂರ್ತಿ ಕೆಳಗೆ ಹಾಕಿಬಿಟ್ರೆ ಸಂನ್ಯಾಸ. ಅಭ್ಯಾಸ, ವ್ಯಸನ, ಸಂನ್ಯಾಸ ಮೂರೂ ಒಂದೇ ತಾಯಿ ಮಕ್ಕಳು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಚೆಲ್ಲಾಪಿಲ್ಲಿ ಆಗೋದು ಅನ್ನೋ ಅರ್ಥದಿಂದ ಮೊದಲು ಬಂದಿದ್ದು ಆಪತ್ತು, ಕೇಡು, ಇದ್ದ ಜಾಗದಿಂದ ಕೆಳಗೆ ಬೀಳೋದು. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದ ಶುರುವಲ್ಲಿ ಜನ ದಶರಥನ ಮುಂದೆ ರಾಮನ ಗುಣ ಹೇಳ್ತಾರಲ್ಲ, ಅಲ್ಲಿ "ವ್ಯಸನೇಷು ಮನುಷ್ಯಾಣಾಂ ಭೃಶಂ ಭವತಿ ದುಃಖಿತಃ" ಅಂತ ಬರುತ್ತೆ, ಮುಂದಿನ ಸಾಲಲ್ಲೇ ಜನರ ಉತ್ಸವಗಳಲ್ಲಿ ತಂದೆ ಹಾಗೆ ಸಂತೋಷಪಡ್ತಾನೆ ಅಂತ. ಜನರಿಗೆ ಕಷ್ಟ ಬಂದ್ರೆ ತಾನು ದುಃಖಪಡ್ತಾನೆ ಅಂತ ಅರ್ಥ. ಉತ್ಸವಕ್ಕೆ ಎದುರು ಪದವಾಗಿ ವ್ಯಸನ ಇಟ್ಟಿದಾರೆ, ಕುಡಿತ ಜೂಜು ಏನೂ ಇಲ್ಲಿಲ್ಲ.

ಎರಡೂ ಅರ್ಥ ಒಟ್ಟಿಗೆ ಸಿಗೋದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಅದರ 8ನೇ ಅಧಿಕರಣದ (ಅಂದ್ರೆ ದೊಡ್ಡ ಭಾಗದ) ಹೆಸರೇ ವ್ಯಸನಾಧಿಕಾರಿಕ. ಶುರುವಲ್ಲೇ ಅವನು ಪದದ ವ್ಯುತ್ಪತ್ತಿ ಕೊಡ್ತಾನೆ, "ವ್ಯಸ್ಯತ್ಯೇನಂ ಶ್ರೇಯಸ ಇತಿ ವ್ಯಸನಮ್". ಮನುಷ್ಯನನ್ನ ಶ್ರೇಯಸ್ಸಿನಿಂದ ಆಚೆ ಎಸೆಯುತ್ತೆ, ಅದಕ್ಕೇ ಅದು ವ್ಯಸನ. ಅದಕ್ಕೆ ಹಿಂದಿನ ಸಾಲಲ್ಲಿ ಏನೇನು ವ್ಯಸನ ಅಂತ ಹೇಳ್ತಾನೆ: ಗುಣ ತಲೆಕೆಳಗಾಗೋದು, ಗುಣ ಇಲ್ಲದೇ ಇರೋದು, ದೊಡ್ಡ ದೋಷ, ಪ್ರಸಂಗ, ಪೀಡೆ. ಪ್ರಸಂಗ ಅಂದ್ರೆ ಇಲ್ಲಿ ಅತಿಯಾಗಿ ಅಂಟಿಕೊಳ್ಳೋದು, ನಮ್ಮ ಚಟ. ಪೀಡೆ ಅಂದ್ರೆ ಹೊರಗಿಂದ ಬರೋ ಕಷ್ಟ. ಎರಡೂ ಒಂದೇ ಸಾಲಲ್ಲಿ ಅಕ್ಕಪಕ್ಕ ಕೂತಿವೆ! ಮುಂದೆ ಓದಿದ್ರೆ ಅದೇ ಅಧಿಕರಣದಲ್ಲಿ ಒಂದು ಅಧ್ಯಾಯ ಬೇಟೆ, ಜೂಜು, ಹೆಣ್ಣಿನ ಹುಚ್ಚು, ಕುಡಿತದ ಬಗ್ಗೆ, ಅದರ ಮುಂದಿನ ಅಧ್ಯಾಯ ಬೆಂಕಿ, ಪ್ರವಾಹ, ರೋಗ, ಬರಗಾಲ, ಮಾರಿಯ ಬಗ್ಗೆ. ರಾಜ್ಯ ನೋಡ್ಕೊಳ್ಳೋನ ದೃಷ್ಟೀಲಿ ಎರಡೂ ಒಂದೇ ಜಾತಿ, ಎರಡೂ ರಾಜ್ಯಾನ ಬೀಳಿಸೋವು. ಒಂದು ದೈವದಿಂದ, ಇನ್ನೊಂದು ನಮ್ಮ ಕೈಯಾರೆ.

ಅಮರಕೋಶದಲ್ಲೂ ಅಷ್ಟೆ, "ವ್ಯಸನಂ ವಿಪದಿ ಭ್ರಂಶೇ ದೋಷೇ ಕಾಮಜಕೋಪಜೇ". ವಿಪತ್ತು, ಬೀಳುವಿಕೆ, ಆಮೇಲೆ ಕಾಮದಿಂದಲೋ ಕೋಪದಿಂದಲೋ ಹುಟ್ಟೋ ದೋಷ. ಕೋಪದಿಂದ ಹುಟ್ಟೋದೂ ವ್ಯಸನಾನೇ ಅನ್ನೋದನ್ನ ನಾವು ಪೂರ್ತಿ ಮರೆತುಬಿಟ್ಟಿದೀವಿ, ಬೈಗುಳದ ಚಟ, ಅತಿಯಾಗಿ ದಂಡಿಸೋದು, ಬೇರೆಯವರ ಆಸ್ತಿ ಹಾಳು ಮಾಡೋದು ಇವೂ ಕೌಟಿಲ್ಯನ ಪಟ್ಟೀಲಿವೆ. ಮನು ಇನ್ನೂ ಉದ್ದ ಪಟ್ಟಿ ಕೊಡ್ತಾನೆ, ಕಾಮದಿಂದ 10, ಕ್ರೋಧದಿಂದ 8. ಹತ್ತರಲ್ಲಿ ಹಗಲು ನಿದ್ದೆ, ಇನ್ನೊಬ್ಬರ ಬಗ್ಗೆ ಆಡ್ಕೊಳ್ಳೋದು, ಕೆಲಸ ಇಲ್ದೆ ಸುಮ್ನೆ ಸುತ್ತೋದು, ಹಾಡು, ಕುಣಿತ, ವಾದ್ಯ ಎಲ್ಲ ಇವೆ. ಸಂಗೀತಾನೂ ಆ ಪಟ್ಟಿಗೆ ಸೇರಿಸಿದ್ದು ನಂಗೇನೂ ಒಪ್ಪಿಗೆ ಇಲ್ಲ, ಆದ್ರೆ ಅದು ರಾಜನಿಗೆ ಹೇಳಿದ್ದು, ಹೊಣೆ ಬಿಟ್ಟು ಅದ್ರಲ್ಲೇ ಮುಳುಗೋನಿಗೆ ಅಂತ ಓದ್ಕೋಬೇಕು.

ಹಾಗಾಗಿ ನಿಮ್ಮ ತಾತ ಬರೆದಿದ್ದು ತಪ್ಪು ಪ್ರಯೋಗ ಅಲ್ವೇ ಅಲ್ಲ. ಆಪತ್ತು ಅನ್ನೋ ಹಳೇ ಅರ್ಥಕ್ಕೆ, ಆಪತ್ತಲ್ಲಿ ಮನಸ್ಸಿಗೆ ಆಗೋ ನೋವಿಗೆ ಅವರ ಬಳಕೆ ಹತ್ತಿರ ಇದೆ. ಚಟ ಅನ್ನೋ ಅರ್ಥ ಅದೇ ಕೊಂಬೆಯಿಂದ ಇನ್ನೊಂದು ಕಡೆಗೆ ಚಿಗುರಿದ್ದು. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ.

ಬೈಟೂ_ಕಾಫಿ

ಶ ಮತ್ತೆ ಸ ಈ ಮಟ್ಟಕ್ಕೆ ವ್ಯತ್ಯಾಸ ಮಾಡುತ್ತೆ ಅಂತ ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ಒಂದು ಡೌಟು, ಈ ವ್ಯಸನಗಳಲ್ಲಿ ಯಾವುದು ಜಾಸ್ತಿ ಕೆಟ್ಟದ್ದು ಅಂತ ಕೌಟಿಲ್ಯ ಏನಾದ್ರೂ ಹೇಳಿದಾನಾ?

ಧಾತುಪಾಠ

ಹೇಳಿದಾನೆ, ಬರೀ ಹೇಳಿಲ್ಲ, ಹಿಂದಿನ ಆಚಾರ್ಯರ ಜೊತೆ ವಾದಾನೇ ಮಾಡಿದಾನೆ. ಪಿಶುನ ಅನ್ನೋ ಆಚಾರ್ಯ ಬೇಟೆ ಜೂಜು ಎರಡರಲ್ಲಿ ಬೇಟೆ ಕೆಟ್ಟದ್ದು, ಕಾಡಲ್ಲಿ ಕಳ್ಳರು, ಶತ್ರುಗಳು, ಕಾಡುಮೃಗ, ದಾರಿ ತಪ್ಪೋದು, ಪ್ರಾಣಕ್ಕೇ ಅಪಾಯ, ಜೂಜಲ್ಲಾದ್ರೆ ಆಟ ಬಲ್ಲೋನು ಗೆಲ್ತಾನೆ ಅಂತಾನೆ. ಕೌಟಿಲ್ಯ ಒಪ್ಪಲ್ಲ. ಜೂಜಲ್ಲಿ ಇಬ್ಬರಲ್ಲಿ ಒಬ್ಬ ಸೋಲಲೇಬೇಕು, ನಳ ಮತ್ತೆ ಯುಧಿಷ್ಠಿರರನ್ನ ನೋಡಿದ್ರೆ ಗೊತ್ತಾಗುತ್ತೆ ಅಂತಾನೆ. ಬೇಟೆಯಲ್ಲಾದ್ರೆ ವ್ಯಾಯಾಮ ಇದೆ, ಕಫ ಪಿತ್ತ ಕೊಬ್ಬು ಕರಗುತ್ತೆ, ಓಡೋ ಗುರಿಗೂ ನಿಂತ ಗುರಿಗೂ ಹೊಡೆಯೋ ಅಭ್ಯಾಸ ಆಗುತ್ತೆ ಅಂತ. ಅಂದಹಾಗೆ ದ್ಯೂತ ಅನ್ನೋ ಪದವೇ ನಮ್ಮ ಬಾಯಲ್ಲಿ ಜೂದು, ಜೂಜು ಆಗಿದ್ದು.

ಈ ಅರ್ಥಶಾಸ್ತ್ರ ಜಗತ್ತಿಗೆ ಮತ್ತೆ ಸಿಕ್ಕಿದ್ದು ನಮ್ಮ ಮೈಸೂರಲ್ಲಿ ಅನ್ನೋದನ್ನ ಹೇಳ್ದೆ ಇರೋಕಾಗಲ್ಲ. 1905ರಲ್ಲಿ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆ ಪಂಡಿತರೊಬ್ಬರು ಕೊಟ್ಟ ತಾಳೆಗರಿ ಕಟ್ಟನ್ನ ಆರ್. ಶಾಮಶಾಸ್ತ್ರಿಗಳು ಓದಿ ಅದು ಏನು ಅಂತ ಗುರುತು ಹಿಡಿದ್ರು, 1909ರಲ್ಲಿ ಅಚ್ಚು ಹಾಕ್ಸಿದ್ರು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಗ್ರಂಥ ಅನ್ನೋ ಹೆಸರಿನ ಲಿಪೀಲಿದ್ದ (ತಮಿಳು ನಾಡಲ್ಲಿ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಲಿಪಿ) ಆ ಗರಿಗಳನ್ನ ಒಬ್ಬ ಮನುಷ್ಯ ಕೂತು ಓದಿಲ್ದೇ ಇದ್ರೆ ಈ ವ್ಯುತ್ಪತ್ತಿ ವಾಕ್ಯ ನಮಗೆ ಇವತ್ತು ಇಷ್ಟು ಸುಲಭಕ್ಕೆ ಸಿಗ್ತಿರ್ಲಿಲ್ಲ.

ಬಸದಿಬೀದಿ

ನಮ್ಮ ಜೈನರ ಮನೆಗಳಲ್ಲಿ ಸಪ್ತವ್ಯಸನ ಅನ್ನೋದು ಮಕ್ಕಳಿಗೆ ಮೊದ್ಲೇ ಹೇಳ್ಕೊಡೋ ಪಾಠ. ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀ. ಶ್ರಾವಕ (ವ್ರತ ಪಾಲಿಸೋ ಜೈನ ಗೃಹಸ್ಥ) ಆಗ್ಬೇಕು ಅಂದ್ರೆ ಈ ಏಳನ್ನ ಬಿಡೋದೇ ಮೊದಲನೇ ಮೆಟ್ಟಿಲು. ಒಂದೊಂದಕ್ಕೂ ಒಂದೊಂದು ಕಥೆ, ಜೂಜಿಗೆ ಯುಧಿಷ್ಠಿರ, ಮಾಂಸಕ್ಕೆ ಬಕ, ಮದ್ಯಕ್ಕೆ ಯಾದವರು, ವೇಶ್ಯೆಗೆ ಚಾರುದತ್ತ, ಪರಸ್ತ್ರೀಗೆ ರಾವಣ. ರಾವಣನ್ನ ನಾವು ರಾಕ್ಷಸ ಅಂತ ಕೇಳ್ಕೊಂಡು ಬೆಳೆದೋರಲ್ಲ, ಎಲ್ಲ ವಿದ್ಯೆ ಇದ್ದ ದೊಡ್ಡ ಮನುಷ್ಯ ಒಂದೇ ಒಂದು ವ್ಯಸನದಿಂದ ಬಿದ್ದ ಅಂತ ನಮ್ಮಜ್ಜಿ ಹೇಳೋರು. ಮೇಲೆ ಹೇಳಿದ ಶ್ರೇಯಸ್ಸಿನಿಂದ ಎಸೆಯೋದು ಅನ್ನೋ ಮಾತು ಓದಿದಾಗ ನಂಗೆ ತಕ್ಷಣ ಅದೇ ನೆನಪಾಯ್ತು.

ಇದ್ರಲ್ಲಿ ಗಮನಿಸ್ಬೇಕಾದ್ದು ಏನಂದ್ರೆ ಕಳವೂ ವ್ಯಸನ. ಹಸಿವಿಗೆ ಕದಿಯೋನ ಬಗ್ಗೆ ಹೇಳ್ತಿಲ್ಲ, ಕದಿಯೋದೇ ರುಚಿ ಹತ್ತಿದೋನ ಬಗ್ಗೆ. ಮಾಡಿದ ಕೆಲಸಕ್ಕಿಂತ ಅದು ಬಿಡೋಕಾಗದ ಹಾಗೆ ಹಿಡ್ಕೊಂಡಿರೋದು ಮುಖ್ಯ.

ಹುನಗುಂದ_ಮಂದಿ

ಬಸದಿಬೀದಿ ಅವರ, ವೀರಶೈವರೊಳಗೂ ಸಪ್ತವ್ಯಸನ ಅಂತ ಐತ್ರಿ, ಆದ್ರ ಪಟ್ಟಿ ಬ್ಯಾರೆ. ತನುವ್ಯಸನ, ಮನೋವ್ಯಸನ, ಧನವ್ಯಸನ ಅಂತ ಸುರು ಆಗಿ ರಾಜ್ಯವ್ಯಸನ, ಸೇವಕವ್ಯಸನದ ಮಟ ಹೊಕ್ಕೈತಿ. ಅಲ್ಲಿ ಬಾಟ್ಲಿ ಬೀಡಿ ಮಾತಿಲ್ಲ, ನನ್ನ ಮೈ ನನ್ನ ರೊಕ್ಕ ನನ್ನ ಆಳು ಅಂತ ಸದಾ ಹಚ್ಕೊಂಡು ಕೂಡೋ ಚಿಂತಿ. ಅಂದ್ರ ಚಟ ಮತ್ತ ದುಃಖ ಎರಡರ ನಡುವಿನ ಅರ್ಥ ನೋಡ್ರಿ ಅದು.

ನಮ್ಮ ಕಡಿ ವ್ಯಸನ ಅನ್ನೋ ಶಬ್ದ ಇಷ್ಟು ಬಳಕಿಗೆ ಬರಾಕ ಇಳಕಲ್ಲ ಚಿತ್ತರಗಿ ಮಠದ ಮಹಾಂತ ಅಪ್ಪಗೋಳು ಕಾರಣ ಅಂತ ನಾ ಅಂತೀನಿ. ಅವರು ಊರೂರು ತಿರುಗಿ ಹೆಗಲಿಗೆ ಜೋಳಿಗಿ ಹಾಕ್ಕೊಂಡು ಓಣಿ ಓಣಿಗೆ ಹೋಗಿ ಮನಿ ಮುಂದ ನಿಂತು, ರೊಕ್ಕ ಬ್ಯಾಡ, ಜ್ವಾಳ ಬ್ಯಾಡ, ನಿಮ್ಮ ದುಶ್ಚಟ ಈ ಜೋಳಿಗಿಗೆ ಹಾಕ್ರಿ ಅಂತ ಕೇಳವ್ರು. ಮಹಾಂತ ಜೋಳಿಗಿ ಅಂತಾನ ಹೆಸರು. ಮಂದಿ ಬೀಡಿ ಕಟ್ಟು, ತಂಬಾಕಿನ ಚೀಟಿ, ಗುಟ್ಕಾ ಪ್ಯಾಕೆಟ್ ತೆಗದು ಅದರೊಳಗ ಹಾಕಿ ಇನ್ನ ಮುಟ್ಟೂದಿಲ್ರಿ ಅಂತ ಕೈ ಮುಗೀತಿದ್ರು. ಹೆಂಡ್ತಿ ಮಕ್ಳು ಬಾಜೂಕ ನಿಂತು ನೋಡ್ತಿದ್ರು, ಊರ ಮಂದಿ ಎದುರಿಗಿ ಹಾಕಿದ್ದಕ್ಕ ಮರುದಿನ ಅಂಗಡಿಗಿ ಹೋಗಿ ಕೇಳಾಕ ಮನಸ್ಸು ಹಿಂಜರೀತಿತ್ತು, ಅದ ಆ ಜೋಳಿಗಿ ಶಕ್ತಿ. ಅಪ್ಪಗೋಳು 2018ರಾಗ ಲಿಂಗೈಕ್ಯ ಆದ್ರು. ಅವರು ಹುಟ್ಟಿದ ದಿನ ಆಗಸ್ಟ್ 1, ಆ ದಿನಾನ ಸರಕಾರ ವ್ಯಸನಮುಕ್ತ ದಿನ ಅಂತ ಮಾಡ್ತೈತಿ. ಸಾಲಿ ಹುಡುಗ್ರು ಜಾಥಾ ಹೊಂಡ್ತಾರ.

ಇನ್ನ ದುಶ್ಚಟ ಅನ್ನೋದ ನೋಡ್ರಿ, ಮುಂದಿನ ದುಸ್ ಸಂಸ್ಕೃತ, ಹಿಂದಿನ ಚಟ ದೇಸಿ. ಮರಾಠಿಯೊಳಗ ಚಟಕ್ ಲಾಗಣೆ ಅಂತಾರಲ್ಲ, ರುಚಿ ಹತ್ತೋದು, ಅದೂ ನಮ್ಮ ಚಟಾನೂ ಒಂದ ಬಳ್ಳಿ ಇದ್ದಂಗ ಕಾಣ್ತೈತಿ. ನಮ್ಮಲ್ಲೂ ಚಟ ಹತ್ತೋದು ಅಂತಾನ ಅಂತೀವಿ. ಮದುವಿ ಮಾತುಕತಿಯೊಳಗ ಹುಡುಗ ನಿರ್ವ್ಯಸನಿ ಅದಾನೇನ್ರಿ ಅಂತ ಕೇಳೋದೂ ಮರಾಠಿ ಕಡಿಯಿಂದ ಬಂದ ರೂಢಿ. ದುಃಖಕ್ಕ ವ್ಯಸನ ಅಂತ ನಮ್ಮ ಹಳ್ಳಿಯೊಳಗ ನಾ ಕೇಳಿಲ್ಲ.

ಕುಡ್ಲದಿಂದ

ಹುನಗುಂದದವರು ಹೇಳಿದ್ದು ಓದಿ ನನಗೆ ಒಂದು ವಿಷಯ ಹೊಳೆಯಿತು ಮಾರಾಯ್ರೆ. ನನ್ನ ಅಮ್ಮನ ಮನೆ ಕಾಸರಗೋಡು, ಅಲ್ಲಿ ಮಲಯಾಳ ಮಾತಾಡುವವರಿಗೆ ವ್ಯಸನ ಅಂದ್ರೆ ದುಃಖ ಮಾತ್ರ. ಮರಣದ ನೋಟೀಸಿನಲ್ಲಿ "ವ್ಯಸನಸಮೇತಂ" ಅಂತ ಬರೆದು ಕೆಳಗೆ ಬಂಧುಗಳ ಹೆಸರು ಹಾಕುವ ಪದ್ಧತಿ ಉಂಟು. ಕುಡಿತದ ಚಟಕ್ಕೆ ಅವರು ಆಸಕ್ತಿ ಅಂತ ಹೇಳ್ತಾರೆ, ನಾವು ಸಿನಿಮಾದಲ್ಲಿ ಆಸಕ್ತಿ ಉಂಟು ಅಂತ ಒಳ್ಳೆ ಅರ್ಥದಲ್ಲಿ ಹೇಳುವ ಅದೇ ಪದ! ತಮಿಳಿನಲ್ಲಿ ವಿಸನಂ ಅಂತ ಆಗಿದೆ, ಅದೂ ದುಃಖವೇ. ತೆಲುಗಿನಲ್ಲಿ ವ್ಯಸನಪಡು ಅಂದ್ರೆ ದುಃಖಪಡು, ವ್ಯಸನಪರುಡು ಅಂದ್ರೆ ಚಟ ಇರುವವನು, ಎರಡೂ ಉಂಟು.

ಮೇಲೆ ಹಿಂದಿ ಮರಾಠಿಗೆ ಹೋದ್ರೆ ಬರೀ ಚಟ, ಕೆಳಗೆ ಕೇರಳ ತಮಿಳುನಾಡಿಗೆ ಬಂದ್ರೆ ಬರೀ ದುಃಖ, ನಡುವೆ ಕನ್ನಡ ತೆಲುಗು ಎರಡನ್ನೂ ಇಟ್ಟುಕೊಂಡಿವೆ. ಕನ್ನಡದ ಒಳಗೂ ಹಾಗೇ, ಉತ್ತರದವರಿಗೆ ದುಃಖದ ಅರ್ಥ ಕೇಳಿ ಗೊತ್ತಿಲ್ಲ, ಪ್ರಶ್ನೆ ಕೇಳಿದವರ ತಾತನಿಗೆ ಅದೇ ಸಹಜ. ನಮ್ಮ ಊರಿನ ಹಿರಿಯರು ಈಗಲೂ "ಅದಕ್ಕೆಲ್ಲ ವ್ಯಸನ ಮಾಡುದು ಬೇಡ" ಅಂತ ಹೇಳ್ತಾರೆ.

ವಾರ್ಡ್_ನಂ_ಎರಡು

ನಾನು ಕುಡಿತ ಬಿಡಿಸೋ ಕೇಂದ್ರವೊಂದ್ರಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡ್ತೀನಿ. ಪದದ ಹುಟ್ಟು ನಂಗೆ ಗೊತ್ತಿಲ್ಲ, ಬಳಕೆ ಬಗ್ಗೆ ಹೇಳ್ತೀನಿ.

ಮನೆಯೋರು ಮೊದಲ್ನೇ ದಿನ ಬಂದಾಗ ವ್ಯಸನ ಅಂತ ಯಾರೂ ಹೇಳಲ್ಲ. ಕುಡಿಯೋ ಚಟ ಇದೆ ಮೇಡಂ, ಅಥವಾ ಕುಡೀತಾನೆ ಅಂತಾರೆ, ಸಿಟ್ಟು ಜಾಸ್ತಿ ಇದ್ರೆ ಕುಡುಕ ನನ್ಮಗ, ತೆವಲು ಅಂತಾರೆ. ತೆವಲು ಅಂದಾಗ ಅಲ್ಲಿ ಅಸಹ್ಯ ಇರುತ್ತೆ, ಬೇಕು ಅಂತಾನೇ ಮಾಡ್ತಾನೆ, ಮೈಯ ತೀಟೆ ತೀರಿಸ್ಕೋತಾನೆ ಅನ್ನೋ ಆರೋಪ. ಚಟದಲ್ಲಿ ಅಷ್ಟಿಲ್ಲ, ಕಾಫಿ ಚಟ ಅಂತಾನೂ ಹೇಳ್ತೀವಲ್ಲ. ಗೀಳು ಅನ್ನೋದು ಮನಸ್ಸಿಗೆ ಸಂಬಂಧಪಟ್ಟಿದ್ದು, ಕೈ ತೊಳೀತಾನೇ ಇರೋದು, ಬೀಗ ಹಾಕಿದೀನಾ ಅಂತ ಮತ್ತೆ ಮತ್ತೆ ನೋಡೋದು, ಅದಕ್ಕೆ ವೈದ್ಯರು ಕನ್ನಡದಲ್ಲಿ ಗೀಳು ಕಾಯಿಲೆ ಅಂತಾನೇ ಬರೀತಾರೆ. ಹಾಗಾಗಿ ಈ ಪದಗಳು ಒಂದಕ್ಕೊಂದು ಬದಲಿ ಅಲ್ಲ. ಕುಡಿತಕ್ಕೆ ಗೀಳು ಅಂದ್ರೆ ಕಿವಿಗೆ ಸರಿ ಹೋಗಲ್ಲ, ಪುಸ್ತಕ ಓದೋದಕ್ಕೆ ತೆವಲು ಅಂದ್ರೆ ಅವಮಾನ.

ವ್ಯಸನ ಅನ್ನೋ ಪದ ಬರೋದು ನಮ್ಮ ಫೈಲಲ್ಲಿ, ಪಾಂಪ್ಲೆಟಲ್ಲಿ. ಅದ್ರಲ್ಲಿ ಬೈಗುಳದ ವಾಸನೆ ಇಲ್ಲ, ಅದಕ್ಕೇ ನಂಗೆ ಆ ಪದ ಬೇಕು. ವಿಶ್ವ ಆರೋಗ್ಯ ಸಂಸ್ಥೆ 1964ರಲ್ಲೇ ಅಡಿಕ್ಷನ್ ಅನ್ನೋ ಪದ ಬಿಟ್ಟು ಡಿಪೆಂಡೆನ್ಸ್ ಅಂತ ಹೇಳೋಣ ಅಂತ ಶಿಫಾರಸು ಮಾಡ್ತು, ಕನ್ನಡದಲ್ಲಿ ಅದನ್ನ ಅವಲಂಬನೆ ಅಂತಾರೆ, ಆದ್ರೆ ಜನಕ್ಕೆ ಅವಲಂಬನೆ ಅಂದ್ರೆ ಮಗನ ಮೇಲೆ ಅಪ್ಪ ಅವಲಂಬಿಸೋದು ನೆನಪಾಗುತ್ತೆ, ಕುಡಿತ ನೆನಪಾಗಲ್ಲ. 2019ರಲ್ಲಿ ಅದೇ ಸಂಸ್ಥೆ ವಿಡಿಯೋ ಗೇಮಿನ ಕಾಯಿಲೇನೂ ರೋಗಗಳ ಪಟ್ಟಿಗೆ ಸೇರಿಸ್ತು, ನಮ್ಮ ನಿಮ್ಹಾನ್ಸ್‌ನಲ್ಲಿ ಅದಕ್ಕೂ ಐದು ವರ್ಷ ಮುಂಚೆ 2014ರಲ್ಲೇ ಮೊಬೈಲು ಇಂಟರ್ನೆಟ್ಟು ಅತಿಯಾಗಿ ಬಳಸೋರಿಗೆ ಅಂತ ಕ್ಲಿನಿಕ್ ಶುರು ಮಾಡಿದ್ರು.

ಒಂದು ಮಾತು ಹೇಳ್ಬೇಕು. ವಾರ್ಡಲ್ಲಿ ಕೂತಾಗ ಚಟ ಮತ್ತೆ ದುಃಖ ಬೇರೆ ಬೇರೆ ಅಂತ ನಂಗೆ ಯಾವತ್ತೂ ಅನ್ಸಿಲ್ಲ. ಕುಡಿಯೋದಕ್ಕೆ ಮುಂಚೇನೇ ಏನೋ ನೋವಿರೋರು ಎಷ್ಟೋ ಜನ, ಕುಡಿದು ನೋವು ತಂದ್ಕೊಂಡೋರು ಇನ್ನೂ ಎಷ್ಟೋ ಜನ, ಯಾವುದು ಮೊದಲು ಅಂತ ಅವ್ರಿಗೇ ಗೊತ್ತಿರಲ್ಲ. ಮೇಲೆ ಹೇಳಿದ ಪ್ರಸಂಗ, ಪೀಡೆ ಒಂದೇ ಸಾಲಲ್ಲಿವೆ ಅನ್ನೋದನ್ನ ನಾಳೆ ನಮ್ಮ ಗ್ರೂಪ್ ಮೀಟಿಂಗಲ್ಲಿ ಹೇಳ್ತೀನಿ. ವ್ಯಸನಿ ಅಂತ ಕರೆದಾಗ ಅವನು ಕಷ್ಟಕ್ಕೆ ಬಿದ್ದೋನೂ ಹೌದು ಅನ್ನೋದು ಮನೆಯೋರ ಕಿವಿಗೆ ಬಿದ್ರೆ ನಮ್ಮ ಅರ್ಧ ಕೆಲಸ ಹಗುರ ಆಗುತ್ತೆ.

ಹಳೇಕಾಗದ

ಇಷ್ಟೆಲ್ಲ ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಧನ್ಯವಾದ. ಕುಡ್ಲದವರ ನಕ್ಷೆ ಅಂತೂ ತುಂಬ ಚೆನ್ನಾಗಿದೆ, ನಮ್ಮ ತಾತ ಕೋಲಾರದ ಕಡೆಯೋರು, ಮನೇಲಿ ತೆಲುಗೂ ಆಡ್ತಿದ್ರು, ಈಗ ಅರ್ಥ ಆಗ್ತಿದೆ.

ಇನ್ನೆರಡು ಕೇಳ್ತೀನಿ. ವ್ಯಸನ ಒಳ್ಳೇ ಅರ್ಥದಲ್ಲಿ ಎಲ್ಲಾದ್ರೂ ಬರುತ್ತಾ? ಮತ್ತೆ ಶೋಕಿ ಅನ್ನೋದೂ ಇದೇ ತರ ಶೋಕದಿಂದ ಬಂದಿದ್ಯಾ, ದುಃಖಕ್ಕೂ ಮೋಜಿಗೂ ಇಲ್ಲೂ ನಂಟು ಇದ್ಯಾ ಅಂತ ಒಂದು ಅನುಮಾನ.

ಧಾತುಪಾಠ

ಬರುತ್ತೆ. ಭರ್ತೃಹರಿ ನೀತಿಶತಕದಲ್ಲಿ ಮಹಾತ್ಮರ ಸಹಜ ಗುಣ ಹೇಳ್ತಾ ವಿಪತ್ತಲ್ಲಿ ಧೈರ್ಯ, ಏಳಿಗೆಯಲ್ಲಿ ಕ್ಷಮೆ ಅಂತೆಲ್ಲ ಹೇಳಿ "ವ್ಯಸನಂ ಶ್ರುತೌ" ಅಂತಾನೆ, ವಿದ್ಯೆಯಲ್ಲಿ ವ್ಯಸನ, ಬಿಟ್ಟಿರೋಕಾಗದಷ್ಟು ಪ್ರೀತಿ. ವಲ್ಲಭಾಚಾರ್ಯರ ಪುಷ್ಟಿಮಾರ್ಗ ಅನ್ನೋ ಕೃಷ್ಣಭಕ್ತಿ ಪಂಥದಲ್ಲಂತೂ ಭಕ್ತಿ ಬೆಳೆಯೋ ಕ್ರಮಾನೇ ಪ್ರೇಮ, ಆಸಕ್ತಿ, ವ್ಯಸನ ಅಂತ. ಕೃಷ್ಣನಲ್ಲಿ ವ್ಯಸನ ಹುಟ್ಟಿದಾಗಲೇ ಭಕ್ತ ಕೃತಾರ್ಥ ಅಂತ ತಮ್ಮ ಭಕ್ತಿವರ್ಧಿನೀ ಅನ್ನೋ ಕೃತೀಲಿ ಹೇಳ್ತಾರೆ. ಮನು ಸಾವಿಗಿಂತ ವ್ಯಸನ ಕೆಟ್ಟದ್ದು ಅಂತ ಹೇಳಿದ ಅದೇ ಪದ ಇಲ್ಲಿ ಭಕ್ತಿಯ ತುತ್ತತುದಿ! ದಿಕ್ಕು ಬದಲಾದ್ರೂ ಎಳೆಯೋ ಬಲ ಅದೇ, ಮನುಷ್ಯ ತನ್ನ ಹಿಡಿತದಲ್ಲಿ ತಾನಿಲ್ಲ ಅನ್ನೋದು ಎರಡು ಕಡೇನೂ ಇದೆ.

ಶೋಕಿ ವಿಷಯ ನಂಗಿಂತ ಚೆನ್ನಾಗಿ ಉರ್ದು ಗೊತ್ತಿರೋರು ಹೇಳ್ಬೇಕು.

ದಖನಿ_ದಿಲ್

ಶೋಕಕ್ಕೂ ಶೋಕಿಗೂ ಏನೂ ಸಂಬಂಧ ಇಲ್ಲ. ಅರಬ್ಬಿಯ ಶೌಕ್, ಹಂಬಲ, ಅದು ಫಾರ್ಸಿ ದಾಟಿ ಉರ್ದುವಿಗೆ ಬಂತು, ಅಲ್ಲಿಂದ ಕನ್ನಡಕ್ಕೆ. ನಮ್ಮ ಮನೆ ಮಾತಲ್ಲಿ ಶೌಕ್ ಅಂದ್ರೆ ತುಂಬ ಮರ್ಯಾದೆಯ ಪದ, ಅಬ್ಬಾಗೆ ಗುಲಾಬಿ ಗಿಡ ಬೆಳೆಸೋ ಶೌಕ್, ಚಾಚಾಗೆ ಪಾರಿವಾಳದ ಶೌಕ್, ಅದ್ರಲ್ಲಿ ಖರ್ಚಿನ ಮಾತೇ ಇಲ್ಲ, ಪ್ರೀತಿಯಿಂದ ಮಾಡೋ ಕೆಲಸ. ಕನ್ನಡಕ್ಕೆ ಬಂದು ಶೋಕಿ ಆದ್ಮೇಲೆ ಅದಕ್ಕೆ ದುಂದು ಖರ್ಚು, ತೋರಿಕೆ, ಸಾಲ ಮಾಡಿ ಬೈಕ್ ತಗೊಳ್ಳೋದು ಎಲ್ಲ ಸೇರ್ಕೊಂಡ್ತು, ಶೋಕಿಲಾಲ ಅಂದ್ರೆ ಬೈದ ಹಾಗೇನೇ. ಕೇಳೋಕೆ ಇಂಗ್ಲಿಷಿನ ಶೋ ಥರ ಇರೋದೂ ಆ ಅರ್ಥ ಗಟ್ಟಿ ಆಗೋಕೆ ಸಹಾಯ ಮಾಡಿರ್ಬೋದು ಅಂತ ನನ್ನ ಅನಿಸಿಕೆ. ನಂಗೆ ಆ ಪದ ಕನ್ನಡದಲ್ಲಿ ಕೇಳಿದಾಗಲೆಲ್ಲ ಸ್ವಲ್ಪ ಬೇಜಾರಾಗುತ್ತೆ, ಅಷ್ಟು ಚೆಂದದ ಪದ.

ಕುಡ್ಲದಿಂದ

ಬೇಜಾರು ಮಾಡ್ಬೇಡಿ ಭಾಯಿ, ನಮ್ಮ ತುಳುವಿನಲ್ಲಿ ಅದು ಚೆಂದವಾಗಿಯೇ ಉಂಟು. ಶೋಕು ಅಂದ್ರೆ ನಮಗೆ ಸುಂದರ, ಲಾಯ್ಕ. ಹೊಸ ಸೀರೆ ಉಟ್ಟವರಿಗೆ, ಬಣ್ಣ ಹೊಡೆದ ಮನೆಗೆ, ದೀಪ ಹಾಕಿದ ದೇವಸ್ಥಾನಕ್ಕೆ ಎಲ್ಲದಕ್ಕೂ "ಮಸ್ತ್ ಶೋಕುಂಡು" ಅಂತ ಬಾಯ್ತುಂಬ ಹೇಳ್ತೇವೆ, ಅದರಲ್ಲಿ ದುಂದುವೆಚ್ಚದ ದೂರು ಸ್ವಲ್ಪವೂ ಇಲ್ಲ.